ಅಣ್ಣನ ಅಂಗಿ, ತಮ್ಮನ ಬ್ಯಾಡ್ಜ್

ಕಾರ್ಕಳ ಸಮೀಪದ ಓದುಗರೊಬ್ಬರು ಬರೆದ ಪತ್ರದ ಸಾರಾಂಶ ಹೀಗಿದೆ: ಎಂಟನೆಯ ತರಗತಿಯಲ್ಲಿರುವ ಅವರ ಕಿರಿಯ ಮಗ ಎರಡು ವರ್ಷಗಳಿಂದ ಸ್ಕೌಟ್. ಸ್ವಾತಂತ್ರ್ಯೋತ್ಸವದ ಪಥಸಂಚಲನಕ್ಕೆ ತಾಲೀಮು ನಡೆಯುವಾಗ, ಅವನು ತೊಟ್ಟಿದ್ದ ಅಣ್ಣನ ಹಳೆಯ ಅಂಗಿ ಬಣ್ಣಗೆಟ್ಟಿದೆಯೆಂದು ಅವನನ್ನು ಸಾಲಿನಿಂದ ಹೊರಗೆ ನಿಲ್ಲಿಸಿದರು. ಅಂಗಡಿಯಲ್ಲಿ ಕೊಂಡ ಬ್ಯಾಡ್ಜುಗಳನ್ನು ತೋಳುತುಂಬ ಹೊಲಿಸಿಕೊಂಡು ಬಂದಿದ್ದ ಹುಡುಗನಿಗೆ ಮುಂದಿನ ಸಾಲು ಸಿಕ್ಕಿತು. ‘ಸೇವೆಯೇ ಮುಖ್ಯ ಎನ್ನುವವರಿಗೆ ಬಟ್ಟೆಯ ಈ ಆಡಂಬರ ಏಕೆ, ಎಲ್ಲರಿಗೂ ಒಂದೊಂದು ಟೀ ಶರ್ಟ್ ಸಾಲದೇ’ ಎಂದು ಆ ತಾಯಿ ಕೇಳಿದ್ದಾರೆ.

ಮಾನ್ಯರೇ,

ತಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಅದು ಸಮವಸ್ತ್ರದ ಮೇಲೆ ತಿರುಗಿರುವುದನ್ನು ಮಾತ್ರ ನಾನು ಒಪ್ಪಲಾರೆ. ತಮ್ಮ ಮಗನಿಗೆ ಆದ ಅನ್ಯಾಯಕ್ಕೆ ಸಮವಸ್ತ್ರದ ನಿಯಮಗಳು ಕಾರಣವಲ್ಲ. ಆ ನಿಯಮಗಳನ್ನು ತೆರೆದು ನೋಡುವ ವ್ಯವಧಾನ ಅಲ್ಲಿ ಯಾರಿಗೂ ಇಲ್ಲದೇ ಹೋದದ್ದು ಕಾರಣ.

ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ನಿಯಮದಂತೆ ಸ್ಕೌಟ್ ಹುಡುಗನಿಗೆ ಬೇಕಾದದ್ದು ಎರಡು ಜೇಬು ಮತ್ತು ಭುಜಪಟ್ಟಿಗಳಿರುವ ಬೂದು ಬಣ್ಣದ ಅಂಗಿ, ಕಡುನೀಲಿ ಚಡ್ಡಿ ಅಥವಾ ಪ್ಯಾಂಟು, ಕಡುನೀಲಿ ಬೆರೆ ಟೋಪಿ, ದಳದ ಬಣ್ಣದ ಸ್ಕಾರ್ಫ್, ಅದನ್ನು ಹಿಡಿದಿಡುವ ವಾಗಲ್. ಅಂಗಿ ಹೊಸದಾಗಿರಬೇಕು ಎಂಬ ಮಾತು ಅದರಲ್ಲಿ ಇಲ್ಲ. ಅಷ್ಟೇ ಅಲ್ಲ, ಸ್ಕೌಟ್ ನಿಯಮಗಳು ಒಂಬತ್ತು. ಅವುಗಳಲ್ಲಿ ಎಂಟನೆಯದು ಸ್ಕೌಟ್ ಮಿತವ್ಯಯಿ ಎನ್ನುತ್ತದೆ. ಅಣ್ಣನಿಗೆ ಗಿಡ್ಡವಾದ ಅಂಗಿಯನ್ನು ಒಗೆದು, ಇಸ್ತ್ರಿ ಹಾಕಿ ತೊಟ್ಟುಕೊಂಡು ಬಂದ ಹುಡುಗ ಆ ನಿಯಮವನ್ನು ಮೈಮೇಲೆ ಧರಿಸಿಯೇ ಬಂದಿದ್ದ. ಗಳಿಸದ ಬ್ಯಾಡ್ಜನ್ನು ಹೊಲಿಸಿಕೊಂಡವನು ಮುರಿದದ್ದು ಮೊದಲನೆಯ ನಿಯಮವನ್ನು, ಅಂದರೆ ಸ್ಕೌಟ್ ನಂಬಿಕೆಗೆ ಅರ್ಹನಾಗಿರುತ್ತಾನೆ ಎಂಬುದನ್ನು. ಮುಂದಿನ ಸಾಲಿನಲ್ಲಿ ಯಾರು ನಿಲ್ಲಬೇಕಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಹುಡುಗನನ್ನು ದೂರುವುದೂ ನನಗೆ ಇಷ್ಟವಿಲ್ಲ. ಹದಿಮೂರು ವರ್ಷದ ಮಗುವಿಗೆ ಅಂಗಡಿಯಲ್ಲಿ ಬಣ್ಣದ ಬ್ಯಾಡ್ಜ್ ಕಂಡರೆ ಆಸೆಯಾಗುತ್ತದೆ, ತಡೆಯಬೇಕಾದವರು ದೊಡ್ಡವರು.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಉಡುಪಿಯಲ್ಲಿ ಹೈಸ್ಕೂಲು ಓದುವಾಗ ನಾನೂ ಸ್ಕೌಟ್ ಆಗಿದ್ದೆ. ದ್ವಿತೀಯ ಸೋಪಾನದ, ಅಂದರೆ ಸ್ಕೌಟ್ ತರಬೇತಿಯ ಎರಡನೆಯ ಹಂತದ, ಪರೀಕ್ಷೆ ಇನ್ನೂ ಮುಗಿದಿರಲಿಲ್ಲ, ಆದರೆ ನನ್ನ ಗೆಳೆಯನ ಬಳಿ ಒಂದು ಬ್ಯಾಡ್ಜ್ ಹೆಚ್ಚಿಗೆ ಇತ್ತು. ಅದನ್ನು ಅಕ್ಕನ ಕೈಯಲ್ಲಿ ಎಡತೋಳಿಗೆ ಹೊಲಿಸಿಕೊಂಡು ಹೋದೆ. ನಮ್ಮ ಸ್ಕೌಟ್ ಮಾಸ್ಟ್ರು ಬೈಯಲಿಲ್ಲ. ಒಂದು ಹಗ್ಗವನ್ನು ಕೈಗೆ ಕೊಟ್ಟು, ಕಿಟಕಿಯ ಸರಳಿಗೆ ಟಿಂಬರ್ ಹಿಚ್ ಎಂಬ ಗಂಟು ಹಾಕು ಎಂದರು. ನಾನು ಹಗ್ಗವನ್ನು ಎರಡು ಸುತ್ತು ಸುತ್ತಿ, ಎಳೆದರೆ ಜಾರಿ ಬರುವಂಥ ಏನನ್ನೋ ಹಾಕಿದೆ. ಅವರು ಮೇಜಿನ ಡ್ರಾಯರಿನಿಂದ ಅರ್ಧ ಬ್ಲೇಡ್ ತೆಗೆದು ನನ್ನ ಮುಂದಿಟ್ಟರು. ಅಲ್ಲಿಯೇ ಕುಳಿತು ಹೊಲಿಗೆ ಬಿಚ್ಚಿದೆ. ದಾರ ಹೋಯಿತು, ಸೂಜಿ ಚುಚ್ಚಿದ ಸಣ್ಣ ತೂತುಗಳು ಮಾತ್ರ ಒಗೆದರೂ ಹೋಗಲಿಲ್ಲ. ಎರಡು ತಿಂಗಳ ನಂತರ ಅದೇ ತೂತುಗಳ ಮೇಲೆ ನನ್ನದೇ ಬ್ಯಾಡ್ಜ್ ಬಂತು.

ಸಮವಸ್ತ್ರದಲ್ಲಿರುವ ಪ್ರತಿಯೊಂದು ವಸ್ತುವೂ ಒಂದು ಹೇಳಿಕೆ ಎಂಬುದನ್ನು ನಾನು ಆ ದಿನ ಅರಿತೆ. ಎಡಜೇಬಿನ ಮೇಲೆ ಹಸಿರು ನೆಲದಲ್ಲಿ ಹಳದಿಯಾಗಿರುವ ಸದಸ್ಯತ್ವದ ಬ್ಯಾಡ್ಜ್ ‘ನಾನು ಪ್ರತಿಜ್ಞೆ ಸ್ವೀಕರಿಸಿದ್ದೇನೆ’ ಎನ್ನುತ್ತದೆ. ಬಲಜೇಬಿನ ನೇರಳೆ ಬ್ಯಾಡ್ಜ್ ಜಗತ್ತಿನ ಇತರ ಸ್ಕೌಟ್‌ಗಳೊಂದಿಗೆ ಇರುವ ನಂಟನ್ನು ಹೇಳುತ್ತದೆ. ತೋಳಿನ ಸೋಪಾನದ ಬ್ಯಾಡ್ಜ್ ಎಲ್ಲಿಯವರೆಗೆ ಕಲಿತಿದ್ದಾನೆ ಎಂಬುದನ್ನು ತಿಳಿಸುತ್ತದೆ. ಮೇಲಿನ ಸೋಪಾನ ಮುಗಿದಾಗ ಕೆಳಗಿನ ಬ್ಯಾಡ್ಜನ್ನು ತೆಗೆಯಬೇಕು. ಪ್ರಥಮ, ದ್ವಿತೀಯ, ತೃತೀಯ ಎಂದು ಸಾಲಾಗಿ ಹೊಲಿಸಿಕೊಳ್ಳುವುದು, ಮೂರನ್ನೂ ನಿಜವಾಗಿ ಗಳಿಸಿದ್ದರೂ, ತಪ್ಪೇ.

ಇನ್ನು ಸ್ಕಾರ್ಫ್. ಅದನ್ನು ಅಲಂಕಾರವೆಂದು ತಿಳಿದವರೇ ಹೆಚ್ಚು. ತ್ರಿಕೋನದ ಎರಡು ಬದಿಗಳು ಹುಡುಗನ ಎತ್ತರಕ್ಕೆ ತಕ್ಕಂತೆ 70ರಿಂದ 80 ಸೆಂಟಿಮೀಟರ್ ಇರಬೇಕು ಎಂಬ ಲೆಕ್ಕ ಸುಮ್ಮನೆ ಬಂದದ್ದಲ್ಲ. ಬಿದ್ದು ಕೈಗೆ ಪೆಟ್ಟಾದ ಗೆಳೆಯನಿಗೆ ಕೊರಳಿನಿಂದ ಜೋಲಿ ಕಟ್ಟಲು, ನೆತ್ತಿಯ ಗಾಯಕ್ಕೆ ಸುತ್ತಲು ಅದು ಒದಗಬೇಕು. ಅಂಗಡಿಗಳಲ್ಲಿ ಈಗ ಸಿಗುವ, ಅಂಗೈಯಗಲದ, ಮೊದಲೇ ಹೊಲಿದಿಟ್ಟ ಸ್ಕಾರ್ಫ್‌ಗಳಿಂದ ಬೆರಳಿಗೆ ಪಟ್ಟಿ ಕಟ್ಟಲೂ ಆಗದು. ಸುತ್ತುವ ಕ್ರಮವೂ ಇದೆ: ಮೇಜಿನ ಮೇಲೆ ಹಾಸಿ, ಉದ್ದನೆಯ ಅಂಚಿನಿಂದ ಬಿಗಿಯಾಗಿ ಸುರುಳಿ ಸುತ್ತುತ್ತ ಬಂದು, ಬೆನ್ನಿಗೆ ಬರುವ ತ್ರಿಕೋನ ಸುಮಾರು ಒಂದು ಗೇಣು ಉಳಿದಾಗ ನಿಲ್ಲಿಸಬೇಕು. ಸುರುಳಿ ಸಡಿಲವಾದರೆ ಪಥಸಂಚಲನ ಮುಗಿಯುವಷ್ಟರಲ್ಲಿ ಕೊರಳಲ್ಲಿ ಒದ್ದೆ ಬೈರಾಸು ನೇತುಹಾಕಿದ ಹಾಗೆ ಕಾಣುತ್ತದೆ. ಒಬ್ಬನೇ ಸುತ್ತುವುದು ಕಷ್ಟ. ಅಣ್ಣ ಒಂದು ತುದಿ ಹಿಡಿದುಕೊಂಡರೆ ಒಂದು ನಿಮಿಷದ ಕೆಲಸ.

ಟೀ ಶರ್ಟಿನ ವಿಷಯಕ್ಕೆ ಬರುತ್ತೇನೆ. ಪಣಂಬೂರಿನ ಕಡಲತೀರದಲ್ಲಿ ಕಸ ಹೆಕ್ಕುವ ದಿನ ಟೀ ಶರ್ಟು ಧಾರಾಳ ಸಾಕು. ಆದರೆ ಈ ಚಳವಳಿ ಹುಟ್ಟಿದ ಬಗೆಯನ್ನು ನೆನೆದರೆ ಸಮವಸ್ತ್ರದ ಅಗತ್ಯ ಸ್ಪಷ್ಟವಾಗುತ್ತದೆ. ಅದನ್ನು ಹುಟ್ಟುಹಾಕಿದ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಮೊದಲ ಶಿಬಿರಕ್ಕೆ ಸಿರಿವಂತರ ಶಾಲೆಗಳ ಹುಡುಗರನ್ನೂ ದುಡಿದು ತಿನ್ನುವ ಮನೆಗಳ ಹುಡುಗರನ್ನೂ ಒಟ್ಟಿಗೆ ಕರೆದೊಯ್ದರು. ಯಾರ ಮನೆ ಎಂಥದು ಎಂಬುದು ಬಟ್ಟೆಯಿಂದ ತಿಳಿಯದಿರಲಿ ಎಂಬುದೇ ಮುಂದೆ ಬಂದ ಸಮವಸ್ತ್ರದ ಆಶಯ. ತಮ್ಮ ಮಗನ ವಿಷಯದಲ್ಲಿ ಅದೇ ಬಟ್ಟೆಯನ್ನು ಮನೆಯ ಸ್ಥಿತಿ ಅಳೆಯಲು ಬಳಸಿದರಲ್ಲ, ನನಗೆ ನೋವಾದದ್ದು ಅದಕ್ಕೆ. ನಮ್ಮಲ್ಲಿ 1909ರಲ್ಲಿ ಬೆಂಗಳೂರಿನಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಮೊದಲ ದಳವನ್ನು ಕಟ್ಟಿದಾಗ ಭಾರತೀಯ ಮಕ್ಕಳಿಗೆ ಅದರಲ್ಲಿ ಜಾಗವಿರಲಿಲ್ಲ. ಆನಿ ಬೆಸೆಂಟರಂಥವರು ಬೇರೆಯೇ ಸಂಘಟನೆ ಕಟ್ಟಿದರು. ಹೀಗೆ ಕವಲೊಡೆದವು ಒಂದಾಗಿ ಇಂದಿನ ಸಂಸ್ಥೆ ರೂಪುಗೊಂಡದ್ದು 1950ರ ನವೆಂಬರ್ 7ರಂದು. ನಮಗೆ ನಿರಾಕರಿಸಲಾಗಿದ್ದ ಉಡುಪನ್ನು ಕಾರ್ಕಳದ ಹುಡುಗನೊಬ್ಬ ಇಂದು ಹಕ್ಕಿನಿಂದ ತೊಡುತ್ತಾನೆ. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ನಡೆದ ಜಾಂಬೂರಿಯನ್ನು, ಅಂದರೆ ಸ್ಕೌಟ್ ಮತ್ತು ಗೈಡ್ ಮಕ್ಕಳ ದೊಡ್ಡ ಮೇಳವನ್ನು, ತಾವು ನೋಡಿರಬಹುದು. ಭಾಷೆ ತಿಳಿಯದ ಮಕ್ಕಳು ಸ್ಕಾರ್ಫ್ ಕಂಡ ಕೂಡಲೇ ಸ್ಕೌಟ್ ಪದ್ಧತಿಯಂತೆ ಎಡಗೈ ಚಾಚಿ ಕುಲುಕುತ್ತಿದ್ದರು.

ಹಾಗೆಂದು ‘ಹಳೆಯದಾದರೂ ಸರಿ’ ಎಂಬ ಮಾತು ‘ಹೇಗಿದ್ದರೂ ಸರಿ’ ಎಂದಾಗಬಾರದು. ನಮ್ಮ ಕರಾವಳಿಯ ಆಗಸ್ಟಿನಲ್ಲಿ ಬಟ್ಟೆ ಒಣಗುವುದೇ ಇಲ್ಲ, ಟೋಪಿಗೆ ನಾಲ್ಕು ದಿನದಲ್ಲಿ ಬೂಷ್ಟು ಬರುತ್ತದೆ. ಸಮವಸ್ತ್ರವನ್ನು ಬೀರುವಿನ ತಳದಲ್ಲಿ ಮಡಚಿಡದೆ ಗಾಳಿಯಾಡುವಲ್ಲಿ ಹ್ಯಾಂಗರಿಗೆ ಹಾಕಿಡಿ. ಹತ್ತಿಯ ಅಂಗಿಯಾದರೆ ಕುಚ್ಚಲಕ್ಕಿಯ ತಿಳಿ ಗಂಜಿ ಸಾಕು, ಅಂಗಡಿಯ ಪುಡಿ ಬೇಡ. ನಮ್ಮ ಮನೆಯಲ್ಲಿ ಗೆರಟೆಯ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಇತ್ತು; ಕಿಡಿ ಹಾರಿ ನನ್ನ ಸ್ಕಾರ್ಫಿನ ಮೂಲೆಯಲ್ಲಿ ಮೂಡಿದ ಕಂದು ಚುಕ್ಕೆಯನ್ನು ಸುರುಳಿಯ ಒಳಗೆ ಮರೆಮಾಡಿ ಎರಡು ವರ್ಷ ತಳ್ಳಿದೆ. ಅಂಗಿಯ ಗುಂಡಿಗಳೆಲ್ಲ ಇರಲಿ, ಜೇಬಿನಲ್ಲಿ ಪೆನ್ನು ಇಣುಕದಿರಲಿ, ಮತ್ತು ಸಮವಸ್ತ್ರ ತೊಟ್ಟಾಗ ಪೂರ್ತಿ ತೊಡಲಿ. ಸ್ಕಾರ್ಫ್ ಜೇಬಿಗೆ ತುರುಕಿ, ಟೋಪಿಯನ್ನು ಭುಜಪಟ್ಟಿಗೆ ಸಿಕ್ಕಿಸಿ ಬಸ್ಸಿನಲ್ಲಿ ಜೋತಾಡುವುದಕ್ಕಿಂತ ಸಾಧಾರಣ ಅಂಗಿಯಲ್ಲಿ ಬರುವುದು ಮೇಲು.

ತಾವೀಗ ಮಾಡಬಹುದಾದದ್ದು ಒಂದಿದೆ. ಮಗನ ಕಲಿಕೆ, ಚಟುವಟಿಕೆಗಳನ್ನು ಬರೆದಿಟ್ಟ ಲಾಗ್ ಪುಸ್ತಕವನ್ನು ಹಿಡಿದುಕೊಂಡು ಅವನೊಂದಿಗೆ ಶಾಲೆಗೆ ಹೋಗಿ, ಗಣರಾಜ್ಯೋತ್ಸವದ ಸಾಲನ್ನು ಅದರ ಆಧಾರದ ಮೇಲೆ ನಿರ್ಧರಿಸಿರೆಂದು ವಿನಯದಿಂದ ಕೇಳಿ. ಅದಕ್ಕೆ ಮೊದಲು ಮನೆಯಲ್ಲಿ ಆ ಅಂಗಿಯ ಎಡತೋಳನ್ನು ನೋಡಿ. ಅಣ್ಣನ ಸೋಪಾನದ ಬ್ಯಾಡ್ಜ್ ಇನ್ನೂ ಅಲ್ಲಿದ್ದರೆ, ಕಿರಿಯವನು ಅದನ್ನು ಗಳಿಸಿರದಿದ್ದರೆ, ಬಿಚ್ಚಿಸಿಬಿಡಿ. ಸುತ್ತಲಿನ ಬಟ್ಟೆ ಮಾಸಿರುವುದರಿಂದ ಆ ಜಾಗ ಮಾತ್ರ ಕಡುಬೂದು ಬಣ್ಣದಲ್ಲಿ ಎದ್ದು ಕಾಣುತ್ತದೆ. ಅದನ್ನು ಮುಚ್ಚಲು ಹೋಗಬೇಡಿ. ಅವನ ಬ್ಯಾಡ್ಜ್ ಬರುವವರೆಗೆ ಹಾಗೆಯೇ ಇರಲಿ.

— ಸಂ.