ಜೂನೊ-106ರ ಕರಕರ ಸದ್ದಿಗೆ ಕೀ ಬದಲಿಸಬೇಡಿ

ಚಿಕ್ಕಬಳ್ಳಾಪುರದಲ್ಲಿ ಆರ್ಕೆಸ್ಟ್ರಾದವರಿಂದ ಕೊಂಡ ರೋಲ್ಯಾಂಡ್ ಜೂನೊ-106 ಸಿಂಥಸೈಜರ್ ಕೀಬೋರ್ಡಿನಲ್ಲಿ ಆರು ಸಲ ಒತ್ತಿದರೆ ಒಂದು ಸಲ ಕರಕರ ಅನ್ನುತ್ತದೆ, ಬೆರಳು ತೆಗೆದರೂ ನಿಲ್ಲುವುದಿಲ್ಲ, ಕೀಗಳನ್ನೇ ಬದಲಿಸಲಾ ಅಂತ ಕೇಳಿದ್ದೀರಿ. ಬೇಡ ಸರ್, ಸುಮ್ನೆ ದುಡ್ಡು ದಂಡ.

ಅದರಲ್ಲಿರುವುದು ಆರು ವಾಯ್ಸ್, ಅಂದರೆ ಒಂದೊಂದು ಸ್ವರ ನುಡಿಸುವ ಆರು ಸರ್ಕ್ಯೂಟ್. ಕೀ ಒತ್ತಿದಂತೆ ಸರದಿಯಲ್ಲಿ ಬರುತ್ತವೆ, ಒಂದು ಕೆಟ್ಟರೆ ಆರರಲ್ಲಿ ಒಂದು ಸಲ ಕರಕರ. ಒಂದೊಂದಕ್ಕೂ ಒಂದು 80017ಎ ಮಾಡ್ಯೂಲ್. ನಾದದ ಗುಣ ಬದಲಿಸುವ ಫಿಲ್ಟರ್, ಸದ್ದು ಏರಿಳಿಸುವ ವಿಸಿಎ ಎರಡೂ ಅದರೊಳಗೇ. ಒಳಗಿನ ಐಆರ್3109 ಫಿಲ್ಟರ್ ಚಿಪ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಕಾಟ ಕೊಡುವುದು ಮೇಲೆ ಮೆತ್ತಿದ ಕಪ್ಪು ಎಪಾಕ್ಸಿ, ಹಳೆಯದಾದಂತೆ ಅದರ ಮೂಲಕವೇ ಕರೆಂಟ್ ಸೋರುತ್ತದೆ, ಅದಕ್ಕೇ ಬೆರಳು ತೆಗೆದರೂ ಸದ್ದು ನಿಲ್ಲುವುದಿಲ್ಲ.

ಮೊದಲು ಕೀ ಟ್ರಾನ್ಸ್‌ಪೋಸ್ ಬಟನ್ ಒತ್ತಿಕೊಂಡೇ ಆನ್ ಮಾಡಿ. ಟೆಸ್ಟ್ ಮೋಡ್ ಬರುತ್ತದೆ, ಒಂದೊಂದೇ ಕೀ ಒತ್ತಿದಂತೆ ಯಾವ ವಾಯ್ಸ್ ಅಂತ ಡಿಸ್‌ಪ್ಲೇ ಅಂಕಿ ತೋರಿಸುತ್ತದೆ. ಕರಕರ ಅಂದಾಗ ತೋರಿದ ಅಂಕಿಯ ಮಾಡ್ಯೂಲ್ ಬಿಚ್ಚಿಸಿ ಅಸಿಟೋನ್‌ನಲ್ಲಿ ಒಂದೆರಡು ದಿನ ನೆನೆಸಿದರೆ ಕಪ್ಪು ಪದರ ಮೆತ್ತಗಾಗಿ ಏಳುತ್ತದೆ. ಕೆರೆಯಬೇಡಿ, ಒಳಗಿನ ಪಾರ್ಟುಗಳು ತುಂಬಾ ಸಣ್ಣವು. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ, ಬೆಂಕಿ ಹತ್ತಿರ ಇರಬಾರದು, ಅಡುಗೆಮನೆಯಲ್ಲಂತೂ ಬೇಡವೇ ಬೇಡ.

ಬಿಚ್ಚುವ ಕೆಲಸಕ್ಕೆ ಬೆಂಗಳೂರಿಗೇ ಓಡಬೇಕಿಲ್ಲ, ನಮ್ಮ ತುಮಕೂರಿನಲ್ಲಾಗಲಿ ನಿಮ್ಮೂರಲ್ಲಾಗಲಿ ಕೈ ಪಳಗಿದ ಹಳೇ ಟಿವಿ ರಿಪೇರಿಯವರು ಸಾಕು. ಇಷ್ಟಾದರೂ ಸರಿಹೋಗದಿದ್ದರೆ ಹೊಸದಾಗಿ ತಯಾರಿಸಿದ ಬದಲಿ ಮಾಡ್ಯೂಲ್ ಆನ್‌ಲೈನಲ್ಲಿ ಸಿಗುತ್ತವೆ. ಇದಕ್ಕೆ ಸಿಇಎಂ3320 ಅನ್ನೋ ಫಿಲ್ಟರ್ ಚಿಪ್ ಹಾಕಿ ಅಂತ ಇಲ್ಲೊಬ್ಬರು ಅಂದಿದ್ದಾರೆ, ಅದು ಪ್ರಾಫೆಟ್-5 ಅನ್ನೋ ಬೇರೆ ಸಿಂಥಸೈಜರಿನ ಮೂರನೇ ಆವೃತ್ತಿಯಲ್ಲಿದ್ದ ಚಿಪ್, ಇದರಲ್ಲಿ ಕೂರುವುದಿಲ್ಲ.