ಜರ್ಮನಿಯ ಚಿನ್ನದ ಒಂದು ಮಾರ್ಕ್: ಯಾವ ಅಕ್ಷರದ್ದು ಕೊಳ್ಳಲಿ?

ಜರ್ಮನಿಯ ಹಳೆಯ ಹಣವಾದ ಮಾರ್ಕಿನ 2001ರ ಚಿನ್ನದ ನಾಣ್ಯ ಆನ್‌ಲೈನಿನಲ್ಲಿ ಐದು ಸಾವಿರಕ್ಕೆ ಸಿಗುತ್ತಿದೆ, ಎ, ಡಿ, ಎಫ್, ಜಿ, ಜೆ ಇವುಗಳಲ್ಲಿ ಯಾವುದಕ್ಕೆ ಮುಂದೆ ಬೆಲೆ ಬರುತ್ತದೆ ಎಂದು ಕೇಳಿದ್ದೀರಿ. ಹೊಸದರಲ್ಲಿ ನನಗೂ ಅಕ್ಷರದ್ದೇ ಚಿಂತೆ. ಅದನ್ನು ಬಿಡಿ, ಅಕ್ಷರ ಎಂದರೆ ನಾಣ್ಯ ಅಚ್ಚಾದ ಟಂಕಸಾಲೆಯ ಗುರುತು, ಅಷ್ಟೇ. ಬರ್ಲಿನ್, ಮ್ಯೂನಿಕ್, ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ, ಹ್ಯಾಂಬರ್ಗ್ ಐದೂ ಟಂಕಸಾಲೆಗಳು ತಲಾ 2 ಲಕ್ಷ ಅಚ್ಚು ಹಾಕಿವೆ. ಯೂರೋ ಕೈಗೆ ಬರುವ ಮುನ್ನ ಮಾರ್ಕಿಗೆ ವಿದಾಯ ಹೇಳಲು ಹೊರಟ ನಾಣ್ಯ ಅದು, ಒಟ್ಟು 10 ಲಕ್ಷ.

ನಿಮ್ಮ ಪ್ರಶ್ನೆಯಲ್ಲಿ ತೊಂದರೆ ಇರುವುದು ಬೆಲೆಯಲ್ಲಿ. 12 ಗ್ರಾಂ ಅಪರಂಜಿಯನ್ನು ಐದು ಸಾವಿರಕ್ಕೆ ಯಾರು ಕೊಡುತ್ತಾರೆ ಹೇಳಿ? ಅದು ಸಾದಾ ಮಾರ್ಕಿಗೆ ಚಿನ್ನದ ನೀರು ಕುಡಿಸಿದ್ದು.

ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ. ಎರಡರ ಅಗಲವೂ 23.5 ಮಿ.ಮೀ., ಚಿತ್ರವೂ ಒಂದೇ. ಮಾರುವವನು ವಿಡಿಯೋದಲ್ಲಿ ಅಯಸ್ಕಾಂತ ಹಿಡಿದು, ನೋಡಿ ಅಂಟುವುದಿಲ್ಲ ಎನ್ನುತ್ತಾನೆ. ಸಾದಾ ಮಾರ್ಕ್ ತಾಮ್ರ-ನಿಕಲ್ ಮಿಶ್ರಲೋಹ, ಅದೂ ಅಂಟುವುದಿಲ್ಲ! ಫೋಟೋದಲ್ಲಿ ಮೊದಲು ಬರಹ ಓದಿ. ಅಸಲಿಯಲ್ಲಿ ಹದ್ದಿನ ಸುತ್ತ 'ಡಾಯ್ಚೆ ಬುಂಡೆಸ್‌ಬಾಂಕ್' (ಜರ್ಮನಿಯ ಕೇಂದ್ರ ಬ್ಯಾಂಕ್) ಎಂದಿರುತ್ತದೆ, ಸಾದಾದಲ್ಲಿ 'ಬುಂಡೆಸ್‌ರೆಪುಬ್ಲಿಕ್ ಡಾಯ್ಚ್‌ಲಾಂಡ್'. ಆಮೇಲೆ ತೂಕ: ಸಾದಾ 5.5 ಗ್ರಾಂ, ಅಸಲಿ 12.

ಬರಹವನ್ನೂ ನಕಲು ಮಾಡಿ, ದಪ್ಪ ಹೆಚ್ಚಿಸಿ 12 ಗ್ರಾಂ ತೂಗಿಸಿರಬಹುದು. ಅದಕ್ಕೆ ನೀರಿನ ಪರೀಕ್ಷೆ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಪೂರ್ತಿ ಮುಳುಗಿಸಿ, ತಳಕ್ಕೂ ಅಂಚಿಗೂ ತಾಗಬಾರದು. ಆಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ಅಪ್ಪಟ ಚಿನ್ನವಾದರೆ 0.62 ಗ್ರಾಂ ಆಸುಪಾಸು ತೋರಿಸುತ್ತದೆ. 12 ಗ್ರಾಂ ಸೀಸವಾದರೆ 1 ದಾಟುತ್ತದೆ. ಮೈಗೆ ಗಾಳಿಗುಳ್ಳೆ ಅಂಟಿಕೊಂಡರೆ ಅಂಕಿ ತಪ್ಪುತ್ತದೆ, ಅಲ್ಲಾಡಿಸಿ ಬಿಡಿಸಿ.

ಅಕ್ಕಸಾಲಿಗರ ಒರೆಗಲ್ಲಿಗೆ ಮಾತ್ರ ಕೊಡಬೇಡಿ. 24 ಕ್ಯಾರೆಟ್ ಮೆದು, ಒಂದು ಗೀರು ಬಿದ್ದರೆ ಸಂಗ್ರಾಹಕರ ಬೆಲೆ ಹೋಗಿ ಬರೀ ಚಿನ್ನದ ಬೆಲೆ ಉಳಿಯುತ್ತದೆ.

ಐದು ಸಾವಿರವೇ ಮಿತಿ ಎಂದಾದರೆ ಚಲಾವಣೆಯಲ್ಲಿ ಸವೆದ ಸಾದಾ ಮಾರ್ಕುಗಳನ್ನು ಕೊಳ್ಳಿ, ಐದೂ ಅಕ್ಷರಗಳದ್ದು. ಅವನ್ನು ಬುಂಡೆಸ್‌ಬಾಂಕ್ ಈಗಲೂ ಯೂರೋಗೆ 1.95583 ಮಾರ್ಕಿನ ಲೆಕ್ಕದಲ್ಲಿ ಬದಲಿಸಿಕೊಡುತ್ತದೆ, ಗಡುವೇ ಇಲ್ಲ.