ಮಳೆ ನಿಂತ ಮೇಲೆ ಕಾರಿನ ಅಡಿಭಾಗ ನೋಡಿ

ದಸರೆಯಿಂದ ಸುಗ್ಗಿಯವರೆಗಿನ ಕಾರು ಪ್ರಯಾಣದ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ಮಳೆಗಾಲ ಪೂರ್ತಿ ಕಾರು ಶೆಡ್ಡಿನಲ್ಲೇ ನಿಂತಿತ್ತು. ಈಗ ಹೊರಗೆ ತೆಗೆದರೆ ಬ್ರೇಕ್ ಹಾಕಿದಾಗ ಕರಕರ ಸದ್ದು. ಮೊದಲ ದಿನ ಹಿಂದಿನ ಚಕ್ರ ತಿರುಗಲೇ ಇಲ್ಲ. ದೀಪಾವಳಿಗೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಬೇಕು. ಹೀಗೇ ಹೊರಡಬಹುದೇ?
– ತೀರ್ಥಹಳ್ಳಿಯ ಓದುಗರು

ಉತ್ತರ: ಬರೀ ಸದ್ದಾಗಿದ್ದರೆ ಹೆದರಬೇಕಿಲ್ಲ. ಡಿಸ್ಕ್ ಮೇಲೆ ಕೂತ ತೆಳು ತುಕ್ಕು ಖಾಲಿ ರಸ್ತೆಯಲ್ಲಿ ಹತ್ತು-ಹದಿನೈದು ಸಲ ಹದವಾಗಿ ಬ್ರೇಕ್ ಒತ್ತಿದರೆ ಉಜ್ಜಿ ಹೋಗುತ್ತದೆ. ಚಕ್ರ ಕಚ್ಚಿಕೊಂಡದ್ದು ಮಾತ್ರ ಬೇರೆ ವಿಷಯ. ಹ್ಯಾಂಡ್‌ಬ್ರೇಕ್ ಎಳೆದು ತೇವದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದರೆ ಹಿಂದಿನ ಡ್ರಮ್ಮಿಗೆ ಬ್ರೇಕ್ ಶೂ ತುಕ್ಕಿನಿಂದ ಅಂಟುತ್ತದೆ. ಎಕ್ಸಿಲರೇಟರ್ ಒತ್ತಿ ಬಲವಂತವಾಗಿ ಬಿಡಿಸಿಕೊಂಡಿದ್ದರೆ ಶೂವಿನ ಲೈನಿಂಗ್ ಕಿತ್ತು ಬಂದಿರಬಹುದು. ಡ್ರಮ್ ಬಿಚ್ಚಿಸಿ ನೋಡಿಸದೆ ಘಾಟಿಗೆ ಇಳಿಯಬೇಡಿ. ಇನ್ನು ಮುಂದೆ ಬಹಳ ದಿನ ನಿಲ್ಲಿಸುವಾಗ ಸಮತಟ್ಟು ಜಾಗದಲ್ಲಿ ಮೊದಲ ಗೇರ್ ಹಾಕಿ, ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ಬೇಡ.

ಮುಂದಿನ ಚಕ್ರಗಳಲ್ಲಿ ಹಿಡಿದುಕೊಳ್ಳುವುದು ಡಿಸ್ಕಿಗೆ ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಸ್ಲೈಡ್ ಪಿನ್. ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ರಿಮ್ ಹತ್ತಿರ ಕೈ ಒಡ್ಡಿ ನೋಡಿ, ಮುಟ್ಟಬೇಡಿ. ಎಡ-ಬಲದ ಪೈಕಿ ಒಂದರಲ್ಲಿ ಮಾತ್ರ ಝಳ ಹೊಡೆದರೆ ಆ ಪಿನ್ ಬಿಚ್ಚಿ, ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿಸಬೇಕು. ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಬೂಟ್ ಊದಿಕೊಂಡು ಪಿನ್ ಮತ್ತೆ ಹಿಡಿಯುತ್ತದೆ. ಪ್ಯಾಡ್ 3 ಮಿ.ಮೀ.ಗೆ ಇಳಿದಿದ್ದರೆ ಬದಲಿಸಿ.

ಇಷ್ಟೆಲ್ಲ ಮಾಡಿಸಿಯೂ ಹಲವರು ಮರೆಯುವುದು ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್-4 ದರ್ಜೆಯ ಹೊಸ ಆಯಿಲ್ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು ಎಂಬುದು ನಿಯಮ. ಸುಮಾರು ಶೇ 3.7ರಷ್ಟು ನೀರು ಸೇರಿದ ಆಯಿಲ್‌ಗೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಆಗುಂಬೆಯ ತಿರುವುಗಳಲ್ಲಿ ಕಾಲು ತೆಗೆಯದೆ ಬ್ರೇಕ್ ಹಿಡಿದೇ ಇಳಿದರೆ ಹಳೇ ಆಯಿಲ್ ಕುದಿದು ಪೈಪಿನಲ್ಲಿ ಆವಿ ತುಂಬುತ್ತದೆ, ಪೆಡಲ್ ಮೆತ್ತಗೆ ನೆಲಕ್ಕೆ ಹೋಗುತ್ತದೆ. ಎರಡು ವರ್ಷ ದಾಟಿದ್ದರೆ ಪೂರ್ತಿ ಬದಲಿಸಿ. ಮೇಲಿಂದ ಸ್ವಲ್ಪ ಸುರಿದು ಮಟ್ಟ ತುಂಬಿಸಿದರೆ ಹಳೆಯ ನೀರು ಒಳಗೇ ಇರುತ್ತದೆ. ಇಳಿಯುವಾಗ ಎರಡನೇ ಗೇರ್.

ಪ್ರಶ್ನೆ: ಆಯುಧಪೂಜೆಗೆ ಎಂಜಿನ್ ಸಮೇತ ಪ್ರೆಷರ್ ವಾಶ್ ಮಾಡಿಸುತ್ತೇವೆ. ಹೋದ ವರ್ಷ ಪೂಜೆಯ ಮರುದಿನವೇ ಎಂಜಿನ್ ಮಿಸ್ ಹೊಡೆಯಿತು. ಕಾರಣವೇನು?
– ದಾವಣಗೆರೆಯ ಓದುಗರು

ಉತ್ತರ: ಇಗ್ನಿಷನ್ ಕಾಯಿಲ್ ಅಥವಾ ಸೆನ್ಸರ್ ಕನೆಕ್ಟರ್ ಒಳಗೆ ನೀರು ಹೊಕ್ಕಿರುವ ಸಾಧ್ಯತೆಯೇ ಹೆಚ್ಚು. ಎಂಜಿನ್ ತಣ್ಣಗಿರುವಾಗ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ನೀರಿನ ಪ್ರೆಷರ್ ಬೇಕಾದದ್ದು ಕಾರಿನ ಅಡಿಗೆ, ಮಡ್‌ಗಾರ್ಡ್ ಒಳಮಡಿಕೆಗೆ. ಮೂರು ತಿಂಗಳ ಕೆಸರು ಅಲ್ಲಿ ತೇವ ಹಿಡಿದುಕೊಂಡು ತುಕ್ಕು ತಿನ್ನಿಸುತ್ತಿರುತ್ತದೆ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಇಳಿದುಹೋಗುವ ಸಣ್ಣ ತೂತುಗಳನ್ನು ಕಡ್ಡಿಯಿಂದ ಬಿಡಿಸಿ. ವೈಪರ್ ಬುಡದಲ್ಲಿ ಕೊಳೆತ ಎಲೆಗಳನ್ನೂ ತೆಗೆಯಿರಿ, ಇಲ್ಲವಾದರೆ ಅಲ್ಲಿನ ನೀರು ಹೊರಹೋಗದೆ ಕಾರಿನೊಳಗೆ ಇಳಿಯಬಹುದು. ಏಸಿಯ ಮುಗ್ಗಲು ವಾಸನೆಗೆ ಇದೂ ಒಂದು ಕಾರಣ.

ಪೂಜೆಯ ಮಾತು ಬಂದದ್ದರಿಂದ ಇನ್ನೆರಡು. ಗಾಜಿನ ಮೇಲಿನ ವಿಭೂತಿ, ಕುಂಕುಮವನ್ನು ನೀರಿನಲ್ಲಿ ತೊಳೆಯುವ ಮೊದಲು ವೈಪರ್ ಓಡಿಸಬೇಡಿ, ಗೀರು ಬೀಳುತ್ತದೆ. ಬಾಳೆಕಂದನ್ನು ಹೆಡ್‌ಲೈಟ್, ಇಂಡಿಕೇಟರ್ ಮುಚ್ಚುವಂತೆ ಕಟ್ಟಿಕೊಂಡು ಊರೆಲ್ಲ ಸುತ್ತಬೇಡಿ. ಒಡೆದ ಬೂದುಗುಂಬಳವನ್ನು ಬದಿಗೆ ಸರಿಸಿ, ತಿರುಳಿನ ಮೇಲೆ ಹಾಯುವ ಬೈಕ್ ಸವಾರರು ಜಾರಿ ಬೀಳುತ್ತಾರೆ.

ಪ್ರಶ್ನೆ: ಗುಂಡ್ಲುಪೇಟೆ ಕಡೆ ಸುಗ್ಗಿಯಲ್ಲಿ ರಸ್ತೆ ಮೇಲೇ ಹುರುಳಿ ಒಕ್ಕಣೆ. ಅದರ ಮೇಲೆ ಹೋದರೆ ನಿಜಕ್ಕೂ ಬೆಂಕಿ ಹತ್ತುತ್ತದೆಯೇ?
– ಮೈಸೂರಿನ ಓದುಗರು

ಉತ್ತರ: ಹತ್ತುತ್ತದೆ. ಹಾಗೆ ಸುಟ್ಟುಹೋದ ಕಾರುಗಳಿವೆ. ಹುರುಳಿ ಬಳ್ಳಿ ಹಗ್ಗದ ಹಾಗೆ ತಿರುಗುವ ಆಕ್ಸಲ್‌ಗೆ ಸುತ್ತಿಕೊಂಡು ಉಂಡೆಯಾಗುತ್ತದೆ. ಪಕ್ಕದಲ್ಲೇ ಸೈಲೆನ್ಸರ್ ಪೈಪ್ ಮತ್ತು ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್. ಇವುಗಳ ಶಾಖ ನೂರಾರು ಡಿಗ್ರಿ, ಒಣಸೊಪ್ಪು ಹೊತ್ತಿಕೊಳ್ಳಲು ಕಿಡಿಯೇ ಬೇಕಿಲ್ಲ. ಇದರ ಜೊತೆಗೆ ಸೊಪ್ಪು, ಕಾಳಿನ ಮೇಲೆ ಟೈರು ನೆಲಕ್ಕೆ ಕಚ್ಚುವುದಿಲ್ಲ. ಬ್ರೇಕ್ ಹಾಕಿದರೆ ಕಾರು ಜಾರುತ್ತದೆ.

ಒಂದು ಬದಿ ಖಾಲಿಯಿದ್ದರೆ ಕಾದು ಅಲ್ಲೇ ಹಾಯಿರಿ. ರಸ್ತೆ ಪೂರ್ತಿ ಹರಡಿದ್ದರೆ ನಿಲ್ಲಿಸಿ, ಸ್ವಲ್ಪ ಸರಿಸಲು ಕೇಳಿ, ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ. ಹಾಯಲೇಬೇಕಾದರೆ ನಿಧಾನವಾಗಿ, ನಡುವೆ ನಿಲ್ಲದೆ ದಾಟಿ. ಸೊಪ್ಪಿನ ಮೇಲೆ ಎಂಜಿನ್ ಚಾಲೂ ಇಟ್ಟು ನಿಲ್ಲುವುದೇ ಎಲ್ಲಕ್ಕಿಂತ ಅಪಾಯ. ನೂರಿನ್ನೂರು ಮೀಟರ್ ಮುಂದೆ ಬರಿ ಡಾಂಬರಿನ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಟಾರ್ಚ್ ಹಿಡಿದು ಅಡಿ ನೋಡಿ. ಸಿಕ್ಕಿಕೊಂಡದ್ದನ್ನು ಕೋಲಿನಿಂದ ಎಳೆಯಿರಿ, ಪೈಪ್ ಸುಡುತ್ತಿರುತ್ತದೆ. ಹೊಗೆ ಕಂಡರೆ ಮೊದಲು ಎಲ್ಲರೂ ಇಳಿಯಿರಿ, ಸಾಮಾನು ಆಮೇಲೆ. ಒಂದು ಕಿಲೋದ ಡ್ರೈ ಪೌಡರ್ ಅಗ್ನಿಶಾಮಕ ಡಿಕ್ಕಿಯಲ್ಲಲ್ಲ, ಸೀಟಿನ ಕೆಳಗಿರಲಿ.

ಪ್ರಶ್ನೆ: ಬೆಳಗಿನ ಮಂಜಿನಲ್ಲಿ ಎಷ್ಟು ವೇಗ ಸರಿ? ಹಜಾರ್ಡ್ ಲೈಟ್ ಹಾಕಿಕೊಂಡು ಹೋಗಬಹುದೇ?
– ಸಕಲೇಶಪುರದ ಓದುಗರು

ಉತ್ತರ: ಓಡುವಾಗ ಹಜಾರ್ಡ್ ಬೇಡ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವಾಗ ನೀವು ಯಾವ ಕಡೆ ತಿರುಗುತ್ತೀರಿ ಎಂಬುದು ಹಿಂದಿನವರಿಗೆ ತಿಳಿಯುವುದಿಲ್ಲ. ಡಿಮ್ ಲೈಟ್, ಇದ್ದರೆ ಫಾಗ್ ಲ್ಯಾಂಪ್. ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸಾಗುತ್ತದೆ. 60ರ ವೇಗದಲ್ಲಿ, ಒಣರಸ್ತೆಯಲ್ಲೂ, ಕಂಡು ಬ್ರೇಕ್ ಒತ್ತಿ ನಿಲ್ಲುವಷ್ಟರಲ್ಲಿ ಸುಮಾರು 48 ಮೀಟರ್ ಹೋಗಿರುತ್ತದೆ. 40ರಲ್ಲಿ ಸುಮಾರು 27. ಮೂವತ್ತು ಮೀಟರ್ ಆಚೆ ಕಾಣದಿದ್ದರೆ 40 ಕೂಡ ಜಾಸ್ತಿಯೇ, ಏಕೆಂದರೆ ಮಂಜಿನಲ್ಲಿ ರಸ್ತೆ ಒದ್ದೆ. ಗಾಜು ಒಳಗಿನಿಂದ ಮಸುಕಾದರೆ ಹೊರಗಾಳಿ ಬಿಟ್ಟು, ಏಸಿ ಹಾಕಿ, ಗಾಳಿಯನ್ನು ಗಾಜಿಗೆ ತಿರುಗಿಸಿ. ಚಳಿಯಾದರೆ ಹೀಟರ್ ಜೊತೆಗೇ ಏಸಿ ಓಡಲಿ, ತೇವ ಎಳೆಯುವುದು ಅದೇ.

ಪ್ರಶ್ನೆ: ಮಗನ ಕಾರಿಗೆ ಚಳಿಗಾಲದ ಟೈರು ಯಾವಾಗ ಹಾಕಿಸಬೇಕು?
– ಜರ್ಮನಿಯ ಸ್ಟಟ್‌ಗಾರ್ಟ್‌ನಿಂದ ಓದುಗರು

ಉತ್ತರ: ಅಲ್ಲಿನವರ ರೂಢಿ ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ. ಕಾನೂನು ತಾರೀಖು ನೋಡುವುದಿಲ್ಲ. ಹಿಮ, ಮಂಜುಗಡ್ಡೆ, ಕೆಸರುಹಿಮ ಇದ್ದಾಗ ತಕ್ಕ ಟೈರು ಇರಲೇಬೇಕು, ಇಲ್ಲದಿದ್ದರೆ ಕನಿಷ್ಠ 60 ಯೂರೋ ದಂಡ. ಟೈರಿನ ಬದಿಯಲ್ಲಿ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತು ಇದೆಯೇ ನೋಡಿ. ಬರೀ ಎಂ+ಎಸ್ (ಮಡ್ ಆ್ಯಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಎಂದಿರುವ ಟೈರು 2024ರ ಅಕ್ಟೋಬರ್ 1ರಿಂದ ಲೆಕ್ಕಕ್ಕಿಲ್ಲ. ಕಾನೂನಿಗೆ ಟೈರಿನ ಗೀರುಗಳ ಆಳ (ಟ್ರೆಡ್) 1.6 ಮಿ.ಮೀ. ಇದ್ದರೆ ಸಾಕು, ಹಿಮಕ್ಕೆ 4 ಬೇಕು. ಹಿಂದಿನ ಫಾಗ್ ಲ್ಯಾಂಪ್ ಹಾಕಬಹುದಾದದ್ದು 50 ಮೀಟರ್ ಆಚೆ ಕಾಣದಷ್ಟು ಮಂಜಿದ್ದಾಗ ಮಾತ್ರ, ಆಗ ವೇಗವೂ 50 ಮೀರುವಂತಿಲ್ಲ. ಹೆದ್ದಾರಿ ಬದಿಯ ಬಿಳಿ ಕಂಬಗಳ ನಡುವಿನ ಅಂತರ ಸಾಮಾನ್ಯವಾಗಿ 50 ಮೀಟರ್, ಅಳತೆಗೆ ಅದೇ ಸಾಕು.